ಗೇಟಜ್ಜನ ಹೆಬ್ಬೆರಳು

ಅವರ ಮನೆತನದಲ್ಲಿ ಹೇಳಿಕೊಳ್ಳುವಂಥದ್ದು ಇದ್ದದ್ದು ಒಂದೇ ಒಂದು: ಗೇಟಜ್ಜನ ಹೆಬ್ಬೆರಳು. ಬೇರೆಯವರ ಮನೆಯಲ್ಲಿ ಜಮೀನಿನ ಮಾತು, ಚಿನ್ನದ ಮಾತು, ಯಾವುದೋ ದೊಡ್ಡ ಸಾಹೇಬರ ಪಕ್ಕ ನಿಂತು ತೆಗೆಸಿಕೊಂಡ ಫೋಟೋದ ಮಾತು. ಇವರ ಮನೆಯಲ್ಲಿ ಹೆಬ್ಬೆರಳು. ನಗಬೇಡಿ. ಇಲ್ಲದವರಿಗೆ ಅಷ್ಟೇ ಆಸ್ತಿ.

ಗೇಟಜ್ಜ ಎಂದರೆ ನಮ್ಮ ಬಸ್ ನಿಲ್ದಾಣದ ಕಂಟ್ರೋಲರ್‌ನ ಅಪ್ಪನ ಅಪ್ಪ. ನೂಲಿನ ಗಿರಣಿಯ ಗೇಟಿನಲ್ಲಿ ಸಮಯ ಕೂಗುವುದು ಅವನ ಕೆಲಸ. ಬೆಳಿಗ್ಗೆ ಏಳಕ್ಕೆ ಗೇಟು ಮುಚ್ಚಿದ ಮೇಲೆ ತಡವಾಗಿ ಬಂದವರು ಒಬ್ಬೊಬ್ಬರಾಗಿ ಅವನ ಮೇಜಿನ ಮೇಲೆ ತಮ್ಮ ಹಿತ್ತಾಳೆ ಬಿಲ್ಲೆ ಇಡಬೇಕು. ಅವನು ಬಿಲ್ಲೆಯ ನಂಬರನ್ನೂ, ಎಷ್ಟು ನಿಮಿಷ ತಡ ಎನ್ನುವುದನ್ನೂ ಕೂಗಬೇಕು. ಕಿಟಕಿಯಾಚೆ ಕೂತ ಗುಮಾಸ್ತ ಬರೆದುಕೊಳ್ಳಬೇಕು. ನಲವತ್ತು ತುಂಬುವುದರೊಳಗೆ ಗೇಟಜ್ಜನ ಎರಡೂ ಕಣ್ಣು ಹೋದವು. ಹೋದದ್ದು ಗಿರಣಿಗೆ ಗೊತ್ತಾಗಲೇ ಇಲ್ಲ. ಕಂಪನಿ ಕೊಟ್ಟ ಜೇಬುಗಡಿಯಾರದ ಗಾಜನ್ನು ಚಾಕುವಿನ ಮೊನೆಯಿಂದ ಎಬ್ಬಿಸಿ ತೆಗೆದು, ಬಿಲ್ಲೆಯ ಮೇಲಿನ ಉಬ್ಬಕ್ಷರ ಸವರಿದ ಹೆಬ್ಬೆರಳಿನಿಂದಲೇ ಗಡಿಯಾರದ ಮುಳ್ಳುಗಳನ್ನೂ ಸವರಿ, “ನೂರಾ ಹನ್ನೆರಡು, ಆರು ನಿಮಿಷ!” ಎಂದು ಕೂಗುತ್ತಿದ್ದನಂತೆ. ಹೀಗೆ ಹತ್ತೊಂಬತ್ತು ವರ್ಷ. ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮೆಯಿಲ್ಲ. ಕೆಲಸ ಮುಗಿದ ದಿನ ಗಿರಣಿಯವರು ಗಡಿಯಾರವನ್ನು ವಾಪಸು ತೆಗೆದುಕೊಂಡರು. ಹೆಬ್ಬೆರಳಿನ ಕಥೆ ಮಾತ್ರ ಮನೆಯಲ್ಲಿ ಉಳಿಯಿತು.

ಕಂಟ್ರೋಲರ್‌ಗೆ ಈಗ ನಲವತ್ತೆಂಟು. ಬಸ್ ನಿಲ್ದಾಣದ ನಡುವೆ ಮೂರು ಕಡೆ ಗಾಜಿರುವ ಒಂದು ಗೂಡು. ಅದರೊಳಗೆ ಮೇಜು, ಮೈಕು, ದೊಡ್ಡ ರಿಜಿಸ್ಟರು, ಕೈಹಿಡಿ ಸವೆದ ಕುರ್ಚಿ. ಇಪ್ಪತ್ನಾಲ್ಕು ವರ್ಷದಿಂದ ಅಲ್ಲಿ ಕೂತು ಬಂದ ಬಸ್ಸು, ಹೋದ ಬಸ್ಸು ಬರೆಯುತ್ತಾನೆ, ಕೂಗುತ್ತಾನೆ. ಮನೆಯಲ್ಲೂ ಅದೇ ಭಾಷೆ. “ನಮ್ಮನೆಯವರು ಸ್ನಾನಕ್ಕೆ ಹೋಗೋದಿಲ್ಲ, ಹೊರಡ್ತಾರೆ. ಊಟಕ್ಕೆ ಬರೋದಿಲ್ಲ, ತಲುಪ್ತಾರೆ” ಎಂದು ಹೆಂಡತಿ ರೇಗಿಸುತ್ತಿದ್ದಳು. ಅವಳು ತೀರಿಕೊಂಡು ಹನ್ನೊಂದು ವರ್ಷ. ಈಗ ಮನೆಯಲ್ಲಿ ಅವನು, ಒಬ್ಬಳೇ ಮಗಳು.

ಎರಡು ವರ್ಷದ ಹಿಂದೆ ಅವನ ಪಕ್ಕದ ನೋಟ ಹೋಗತೊಡಗಿತು. ಬಾಗಿಲ ಚೌಕಟ್ಟಿಗೆ ಭುಜ ತಗಲುವುದು, ಪಕ್ಕದಲ್ಲಿದ್ದ ಮನುಷ್ಯ ಇದ್ದಕ್ಕಿದ್ದಂತೆ ಭೂಮಿಯಿಂದ ಎದ್ದವನಂತೆ ಎದುರಾಗುವುದು, ಕೈ ತಾಗಿ ರಿಜಿಸ್ಟರಿನ ಮೇಲೆ ಚಹಾ ಚೆಲ್ಲುವುದು. ಕಣ್ಣಿನ ಡಾಕ್ಟರು ಬೆರಳುಗಳನ್ನು ಕೊಳವೆಯಂತೆ ಮಡಿಸಿ ತೋರಿಸಿದರು. “ಈಗ ಇಷ್ಟಗಲ ಕಾಣ್ತಿದೆ. ಇದು ಸಣ್ಣದಾಗ್ತಾ ಹೋಗುತ್ತೆ. ಒಂದು ದಿನ ಮುಚ್ಚಿಕೊಳ್ಳುತ್ತೆ. ನಿಮ್ಮ ಮನೇಲಿ ಯಾರಿಗಾದ್ರೂ ಹೀಗಾಗಿತ್ತಾ?” ಆಗಿತ್ತು ಎಂದ ಕಂಟ್ರೋಲರ್, ಅಪ್ಪನನ್ನು ಬಿಟ್ಟು ತನ್ನನ್ನು ಹುಡುಕಿಕೊಂಡು ಬಂದ ರೋಗದ ವಿಷಯ ಹೇಳಿದ. ಜೊತೆಗೆ ತಡೆಯಲಾರದೆ ಹೆಬ್ಬೆರಳಿನ ಕಥೆಯನ್ನೂ ಪೂರ್ತಿ ಹೇಳಿದ. ಡಾಕ್ಟರು ಪೂರ್ತಿ ಕೇಳಿ, ಇದಕ್ಕೆ ಔಷಧ ಇಲ್ಲ ಎಂದರು.

ಆಫೀಸಿಗೆ ತಿಳಿದರೆ ಗಾಜಿನ ಗೂಡಿನಿಂದ ಎಬ್ಬಿಸುತ್ತಾರೆ. ಆದ್ದರಿಂದ ಅಲ್ಲಿ ಬಾಯಿ ಬಿಡಲಿಲ್ಲ. ಎಡಗಡೆಯಿಂದ ಬರುವ ಬಸ್ಸುಗಳನ್ನು ಇಂಜಿನ್ನಿನ ಕೆಮ್ಮು, ಬ್ರೇಕಿನ ಕಿರುಚಾಟ ಕೇಳಿಯೇ ಬರೆದುಕೊಳ್ಳುತ್ತಿದ್ದ. ಮಗಳಿಗೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ? ಅವಳಿಗೆ ಮೊದಲ ತಿಂಗಳೇ ಗೊತ್ತಾಗಿತ್ತು. ಮಾತಿಲ್ಲದೆ ದಾರಿಯಲ್ಲಿದ್ದ ಸ್ಟೂಲನ್ನು ಗೋಡೆಗೆ ಸರಿಸಿದಳು, ಲೋಟವನ್ನು ಅಪ್ಪನ ಮೂಗಿನ ನೇರಕ್ಕೇ ಇಡತೊಡಗಿದಳು.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಕಲಿತವಳು. ಮೂರು ವರ್ಷ ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ, ಹದಿನಾಲ್ಕು ಗಂಟೆ ಪ್ರಯಾಣದ ಒಂದು ಊರಿನ ದೊಡ್ಡ ಆಸ್ಪತ್ರೆಯಿಂದ ನೇಮಕದ ಪತ್ರ ಬಂತು. ಮುಂದಿನ ತಿಂಗಳ ಒಂದನೇ ತಾರೀಖು ಹಾಜರಾಗಬೇಕು. ತಪ್ಪಿದರೆ ಕೆಲಸ ಪಟ್ಟಿಯಲ್ಲಿ ಅವಳ ಹಿಂದಿರುವವರಿಗೆ. ಅವಳು ಪತ್ರ ಓದಿ ಮಡಿಸಿ, “ನಾನು ಹೋಗಲ್ಲ” ಎಂದಳು.

“ಯಾಕೆ ಹೋಗಲ್ಲ?”

“ನಿಮ್ಮನ್ನ ಬಿಟ್ಟು ಹೇಗೆ ಹೋಗಲಿ ಅಪ್ಪ? ನಿನ್ನೆ ಒಲೆ ಉರೀತಿರೋದೇ ಕಾಣದೆ ಅದರ ಮೇಲೆ ಬಟ್ಟೆ ಇಟ್ರಿ.”

“ಗೇಟಜ್ಜ ಹತ್ತೊಂಬತ್ತು ವರ್ಷ ಯಾರ ಹಂಗೂ ಇಲ್ಲದೆ ದುಡಿದ. ನಾನು ಅವನ ಮೊಮ್ಮಗ ಅಲ್ವೇನೇ?”

“ಅವರಿಗೆ ಹೆಬ್ಬೆರಳಿತ್ತು.”

“ನನಗಿರೋದೇನು, ಬದನೇಕಾಯಾ?”

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. ಆ ನಗುವಿನ ಬಲದ ಮೇಲೆ ಅವನು ಪಂಥ ಹಾಕಿಯೇಬಿಟ್ಟ: ಅಜ್ಜನ ಗಡಿಯಾರದಂಥದ್ದೇ ಒಂದು ಒಳ್ಳೆಯ ಗಡಿಯಾರ ಕೊಳ್ಳುತ್ತೇನೆ, ಕಣ್ಣು ಮುಚ್ಚಿಕೊಂಡು ಸಮಯ ಹೇಳುವುದನ್ನು ಈಗಲೇ ಬೆರಳಿಗೆ ಕಲಿಸುತ್ತೇನೆ, ನೀನು ಹೊರಡುವ ದಿನ ನಿನ್ನೆದುರೇ ಹೇಳುತ್ತೇನೆ. ಸರಿಯಾದರೆ ನೀನು ಹೋಗಬೇಕು. “ಸಮಯ ಗೊತ್ತಿರೋನಿಗೆ ಇನ್ನೇನು ಬೇಕೇ? ನನ್ನ ಕೆಲಸವೇ ಅದು.” ಮಗಳು ಮಡಿಸಿದ ಪತ್ರವನ್ನು ಮತ್ತೆ ಬಿಡಿಸಿ, “ಆಯ್ತು, ಹೇಳಿದ್ರೆ ಹೋಗ್ತೀನಿ” ಎಂದಳು.

ಗಡಿಯಾರದಂಗಡಿಯವನು ಎಪ್ಪತ್ತು ದಾಟಿದ ಮುದುಕ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಗಿರಾಕಿಗಳ ಮುಖ ನೋಡುವ ಚಾಳಿ. ಅಪ್ಪ, ಮಗಳು ಒಳಗೆ ಬಂದು ಬೇಕಾದದ್ದು ಹೇಳಿದ ಮೇಲೆ ಮೊದಲು ಒಂದು ಮಾತಾಡುವ ವಾಚು ತೆಗೆದ. ಗುಂಡಿ ಒತ್ತಿದರೆ ಒಳಗಿನಿಂದ ಹೆಣ್ಣಿನ ದನಿ: ಈಗ ಸಮಯ ಹತ್ತು ಗಂಟೆ ಐವತ್ತು ನಿಮಿಷ.

“ತೆಗೀರಿ ಅದನ್ನ. ದಿನವಿಡೀ ನಾನೇ ಕೂಗ್ತೀನಿ, ಜೇಬಲ್ಲಿ ಇನ್ನೊಬ್ಬಳು ಬೇರೆ ಬೇಕಾ? ಗುಂಡಿ ಒತ್ತಿದ ತಕ್ಷಣ ಇಡೀ ಬಸ್ ಸ್ಟ್ಯಾಂಡಿಗೆ ಗೊತ್ತಾಗುತ್ತೆ, ಕಂಟ್ರೋಲರ್ ಕುರುಡ ಅಂತ.”

ಕುರುಡ ಎಂಬ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮಗಳು ಗಾಜಿನ ಪೆಟ್ಟಿಗೆಯ ಮೇಲಿನ ಗೀರುಗಳನ್ನು ನೋಡುತ್ತ ನಿಂತಳು.

ಆಮೇಲೆ ಶುರುವಾಯಿತು ಆಯ್ಕೆ. ಕೈಗೆ ಕಟ್ಟುವ ತೆಳ್ಳನೆಯದೊಂದು ಬಂತು. ಮುಳ್ಳು ಕೂದಲೆಳೆಯಷ್ಟು, ಮುಟ್ಟಿದರೆ ಮುರಿಯುತ್ತದೆ. ಕತ್ತಲಲ್ಲಿ ಹಸಿರಾಗಿ ಹೊಳೆಯುವುದೊಂದು ಬಂತು. ಕಂಟ್ರೋಲರ್ ಅದನ್ನು ನೋಡಿ, “ಕತ್ತಲಿಗೆ ದೀಪ ಬೇಕಾದೋರಿಗೆ ಕೊಡಿ” ಎಂದ. ಕೊನೆಗೆ ಮುದುಕ ಒಳಗಿನ ಕಪಾಟಿನಿಂದ ಬಟ್ಟೆ ಸುತ್ತಿದ್ದೊಂದನ್ನು ತಂದ. ಬೆಳ್ಳಿಯ ಮೈಯ ಜೇಬುಗಡಿಯಾರ. ಅಂಗೈ ತುಂಬುವ ಹದವಾದ ಭಾರ. ಹಾಲಿನಂಥ ಬಿಳಿ ಡಯಲ್ಲು, ಒಂದರಿಂದ ಹನ್ನೆರಡರವರೆಗೆ ನೆಟ್ಟಗೆ ನಿಂತ ಕಪ್ಪು ಅಂಕಿಗಳು, ನೀಲಿ ಉಕ್ಕಿನ ದಪ್ಪ ಮುಳ್ಳು. ಗಾಜಿನ ಚೌಕಟ್ಟಿಗೆ ಕೀಲು ಇತ್ತು. ಉಗುರು ತಾಗಿಸಿದರೆ ಕಿಟಕಿಯಂತೆ ತೆರೆದುಕೊಳ್ಳುತ್ತಿತ್ತು. ಕಿವಿಗಿಟ್ಟುಕೊಂಡರೆ ಆತುರವಿಲ್ಲದ ಟಿಕ್ ಟಿಕ್. ಕಂಟ್ರೋಲರ್‌ಗೆ ಉಳಿದಿದ್ದ ಆ ಸಣ್ಣ ನೋಟದೊಳಗೆ ಗಡಿಯಾರ ಪೂರ್ತಿಯಾಗಿ ಹಿಡಿಸಿತು. ಇಷ್ಟು ಚೆಂದದ ವಸ್ತುವನ್ನು ಅವನ ಮನೆತನದಲ್ಲಿ ಯಾರೂ ಕೊಂಡವರಿರಲಿಲ್ಲ.

ಕಣ್ಣು ಮುಚ್ಚಿದ, ಗಾಜು ತೆರೆದ, ಹೆಬ್ಬೆರಳಿಟ್ಟ. ಗಿಡ್ಡ ಮುಳ್ಳು ಇಲ್ಲಿ, ಉದ್ದದ್ದು ಇಲ್ಲಿ. “ಹನ್ನೊಂದು ಹತ್ತು!”

“ಸರಿಯಾಗಿದೆ ಅಪ್ಪ!” ಮಗಳು ಚಪ್ಪಾಳೆ ತಟ್ಟಿಬಿಟ್ಟಳು.

“ನೋಡಿದ್ಯಾ? ರಕ್ತದಲ್ಲಿದೆ ಕಣೇ ಇದು!” ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂಗಡಿಯಲ್ಲಿದ್ದ ಇನ್ನೆರಡು ವಾಚು ನೋಡಿ, ಮಾತಾಡಿ, ಮತ್ತೆ ಕಣ್ಣು ಮುಚ್ಚಿ ಸವರಿದ. “ಹನ್ನೊಂದು ಇಪ್ಪತ್ತಾರು.”

ಈ ಸಲ ಚಪ್ಪಾಳೆ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಕೈಯಲ್ಲಿದ್ದ ಗಡಿಯಾರ ಹನ್ನೊಂದು ಇಪ್ಪತ್ತಾರನ್ನೇ ತೋರಿಸುತ್ತಿತ್ತು. ಗೋಡೆಯ ಮೇಲಿನ ಅಷ್ಟೂ ಗಡಿಯಾರಗಳು ಹನ್ನೊಂದು ಇಪ್ಪತ್ತು ಎನ್ನುತ್ತಿದ್ದವು.

“ನಿಮ್ಮ ಬೆರಳು ಮುಳ್ಳನ್ನ ತಳ್ಳಿದೆ” ಎಂದ ಮುದುಕ. “ಎಷ್ಟೇ ಹಗುರವಾಗಿ ಮುಟ್ಟಿ, ತಳ್ಳುತ್ತೆ. ಒಂದು ಸಲ ಮುಟ್ಟಿದ್ರೆ ಮೂರ್ನಾಲ್ಕು ನಿಮಿಷ ಆಚೀಚೆ. ದಿನಕ್ಕೆ ಐವತ್ತು ಸಲ ಮುಟ್ಟಿದ್ರೆ ಸಂಜೆ ಹೊತ್ತಿಗೆ ಅದು ಗಡಿಯಾರ ಅಲ್ಲ, ಗಿರಗಿಟ್ಲೆ. ಬೆರಳಿಗೋಸ್ಕರವೇ ಮಾಡಿದ ಗಡಿಯಾರಗಳಿದಾವೆ, ಅದರ ಮುಳ್ಳು ಬಿಗಿ ಇರುತ್ತೆ. ಇದು ಅದಲ್ಲ. ಇದು ನೋಡೋರ ಗಡಿಯಾರ.”

“ನಮ್ಮಜ್ಜನದೂ ನೋಡೋರ ಗಡಿಯಾರವೇ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿದಾನೆ, ಒಂದು ನಿಮಿಷ ತಪ್ಪಿಲ್ಲ.”

ಮುದುಕ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆದ. ಗಿರಾಕಿಯ ಮನಸ್ಸು ನೋಯಿಸಲು ಅವನಿಗೂ ಇಷ್ಟವಿರಲಿಲ್ಲ. ಆದರೆ ಐವತ್ತು ವರ್ಷ ಮಾಡಿದ ಕಸುಬಿನ ಬಗ್ಗೆ ಸುಳ್ಳು ಹೇಳುವುದು ಹೇಗೆ? “ಹಾಗಾದ್ರೆ ಅದನ್ನ ಯಾರೋ ಪಕ್ಕದಲ್ಲಿದ್ದು ಸರಿ ಮಾಡ್ತಿದ್ರು ಸ್ವಾಮಿ. ಇಲ್ಲದಿದ್ರೆ ಆಗೋ ಮಾತಲ್ಲ.”

ಕಂಟ್ರೋಲರ್ ಗಡಿಯಾರ ಕೊಂಡೇ ಕೊಂಡ. ಜಿದ್ದಿಗೆ ಕೊಂಡ. ಮಗಳನ್ನು ಮನೆಗೆ ಕಳಿಸಿ, ಸೀದಾ ಎರಡು ಬೀದಿಯಾಚೆ ಒಂದು ಕೋಣೆಯಲ್ಲಿ ಒಬ್ಬಳೇ ಇರುವ ದೊಡ್ಡತ್ತೆಯ ಬಳಿ ಹೋದ. ದೊಡ್ಡತ್ತೆ ಗೇಟಜ್ಜನ ಮಗಳು, ಇವನ ಅಪ್ಪನ ಅಕ್ಕ. ಎಪ್ಪತ್ತೆಂಟು ವರ್ಷ, ಮದುವೆಯಾಗಲಿಲ್ಲ. ಗೇಟಜ್ಜನನ್ನು ಕಣ್ಣಾರೆ ಕಂಡವರಲ್ಲಿ ಉಳಿದವಳು ಅವಳೊಬ್ಬಳೇ.

ಅವಳು ಮಂಚದ ಮೇಲೆ ಕೂತು ಹಳೆಯ ಸ್ವೆಟರಿನ ದಾರ ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಗಡಿಯಾರವನ್ನು ಕೈಯಲ್ಲಿಟ್ಟಾಗ ತಿರುಗಿಸಿ ನೋಡಿ, “ಇದು ಚೆನ್ನಾಗಿದೆ. ಅದು ಇಷ್ಟು ಚೆನ್ನಾಗಿರಲಿಲ್ಲ” ಎಂದಳು.

“ದೊಡ್ಡತ್ತೆ, ಅಜ್ಜನ ಗಡಿಯಾರ ಯಾರು ಸರಿ ಮಾಡ್ತಿದ್ರು?”

“ನಾನು.” ಉಂಡೆ ಸುತ್ತುವುದು ನಿಲ್ಲಲಿಲ್ಲ.

“ಹಾಗಾದ್ರೆ ಹೆಬ್ಬೆರಳು?”

“ಹೆಬ್ಬೆರಳಂತೆ ಹೆಬ್ಬೆರಳು! ಬಿಲ್ಲೆ ನಂಬರು ಬೆರಳಿಗೆ ಗೊತ್ತಾಗ್ತಿತ್ತು, ನಿಜ. ಟೈಮು ಹೇಳ್ತಿದ್ದೋಳು ನಾನು. ಒಂಬತ್ತು ವರ್ಷದೋಳಿದ್ದಾಗ ಕರ್ಕೊಂಡು ಹೋಗಿ ಮೇಜಿನ ಕೆಳಗೆ ಕೂರಿಸಿದ. ಅಲ್ಲಿಂದ ಗೇಟುಕೋಣೆ ಗೋಡೆ ಗಡಿಯಾರ ಕಾಣ್ತಿತ್ತು. ನಿಮಿಷಕ್ಕೊಂದು ಸಲ ಅವನ ಪಾದ ಒತ್ತಬೇಕು. ನಿಮ್ಮಪ್ಪ ಆಗ ನಾಲ್ಕು ವರ್ಷದೋನು. ಆಮೇಲೆ ಅವನು ಶಾಲೆಗೆ ಹೋದ. ನಾನು ಗೇಟಿಗೆ ಹೋದೆ.”

“ಹತ್ತೊಂಬತ್ತು ವರ್ಷ ಮೇಜಿನ ಕೆಳಗಾ?”

“ಬೆಳೆದ ಮೇಲೆ ಅಲ್ಲಿ ಮೈ ಹಿಡಿಸ್ಲಿಲ್ಲ ಕಣೋ. ಗೇಟು ಗುಡಿಸೋ ಕೆಲಸ ಅಂತ ಹೇಳಿ ಮೂಲೇಲಿ ಸ್ಟೂಲು ಹಾಕಿಸಿದ. ಅಲ್ಲಿಂದ ಪಾದ ಎಟುಕಲ್ವಲ್ಲ. ಅದಕ್ಕೆ ಕೆಮ್ಮೋದು. ಎಷ್ಟು ನಿಮಿಷ ತಡವೋ ಅಷ್ಟು ಕೆಮ್ಮು.” ಅವಳಿಗೇ ನಗು ಬಂತು. “ಇಡೀ ಗಿರಣಿಗೆ ಸುದ್ದಿ, ಆ ಹುಡುಗಿಗೆ ಕ್ಷಯ ಇದೆ ಅಂತ. ಎರಡು ಕಡೆ ಸಂಬಂಧ ಬಂದಿತ್ತು. ಕೆಮ್ಮಿನ ಸುದ್ದಿ ಕೇಳಿ ಇಬ್ಬರೂ ಬಂದ ದಾರಿಗೆ ಸುಂಕವಿಲ್ಲ ಅಂತ ಹೊರಟುಹೋದ್ರು.”

ಕಂಟ್ರೋಲರ್‌ಗೆ ನಗಲಾಗಲಿಲ್ಲ. “ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?”

“ಯಾರು ಕೇಳಿದ್ರು?”

ಹೌದಲ್ಲ, ಯಾರು ಕೇಳಿದ್ದರು? ಈ ಕಥೆಯನ್ನು ಅವನು ಬಸ್ಸಿನ ಡ್ರೈವರುಗಳಿಗೆ, ಡಾಕ್ಟರಿಗೆ, ಸಿಕ್ಕಸಿಕ್ಕವರಿಗೆಲ್ಲ ನೂರು ಸಲ ಹೇಳಿದ್ದ. ಇವಳೆದುರೇ ಎಷ್ಟೋ ಸಲ ಹೇಳಿದ್ದ. ಆಗೆಲ್ಲ ಇವಳು ತಟ್ಟೆ ಲೋಟ ಎತ್ತಿಕೊಂಡು ಒಳಗೆ ಹೋಗಿರುತ್ತಿದ್ದಳು.

“ಬಿಟ್ಟು ಹೋಗಬೇಕು ಅನ್ನಿಸಲಿಲ್ವಾ ನಿನಗೆ?”

“ಅನ್ನಿಸದೆ ಏನು? ಅವನಿಗೂ ಗೊತ್ತಿತ್ತು. ಒಂದೊಂದು ದಿನ ನನ್ನ ಕೈ ಹಿಡ್ಕೊಂಡು ಅಳ್ತಿದ್ದ. ಅತ್ತು ಮುಗಿಸಿ, ಬೆಳಿಗ್ಗೆ ಅದೇ ಕೈ ಹಿಡ್ಕೊಂಡು ಗೇಟಿಗೆ ಹೊರಡ್ತಿದ್ದ. ಒಂದೇ ಒಂದು ಸಲ ಅವನ ಬಾಯಿಂದ ಹೋಗು ಅಂತ ಬಂದಿದ್ರೆ ನಾನು ಹಿಂತಿರುಗಿ ನೋಡ್ತಿರಲಿಲ್ಲ. ಬರಲಿಲ್ಲ.” ದಾರದ ತುದಿಯನ್ನು ಉಂಡೆಯೊಳಗೆ ಸಿಕ್ಕಿಸಿದಳು. “ಕೆಟ್ಟೋನೇನಲ್ಲ. ಹೆದರಿದ್ದ, ಅಷ್ಟೇ.”

ದಾರಿಯುದ್ದಕ್ಕೂ ಅವನು ಗೇಟಜ್ಜನನ್ನು ಬೈದುಕೊಂಡ. ಛೀ, ಎಂಥ ಮನುಷ್ಯ! ಹೆತ್ತ ಮಗಳ ಇಡೀ ಬದುಕನ್ನು ಮುಳ್ಳು ಮಾಡಿ ಗಡಿಯಾರಕ್ಕೆ ಸಿಕ್ಕಿಸಿದನಲ್ಲ! ನಾನು ಹಾಗೆ ಮಾಡುವವನಲ್ಲ. ಅವಳು ಹೋಗಲೇಬೇಕು. ಹೋಗು ಎಂದು ನಾನು ಹೇಳಿಯೇ ಹೇಳುತ್ತೇನೆ. ಮನೆ ಹೊಕ್ಕವನೇ ಮಗಳಿಗೆ ಸುಳ್ಳು ಹೇಳಿದ: “ದೊಡ್ಡತ್ತೆ ಗುಟ್ಟು ಹೇಳಿದ್ಲು. ಮುಟ್ಟುವಾಗ ಅಜ್ಜ ಉಸಿರು ಹಿಡೀತಿದ್ನಂತೆ. ಆಗ ಮುಳ್ಳು ಜರುಗಲ್ವಂತೆ.”

“ಹೌದಾ?” ಎಂದಳು ಮಗಳು. ಹೆಚ್ಚು ಕೇಳಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ, ಸಂಜೆ ಅಭ್ಯಾಸ. ಉಸಿರು ಹಿಡಿದು ಹಿಡಿದು ಮುಖ ಕೆಂಪಾಗುತ್ತಿತ್ತು. ನಾಲ್ಕು ನಿಮಿಷ ಮುಂದೆ, ಏಳು ನಿಮಿಷ ಹಿಂದೆ, ಒಂದು ದಿನ ಇಪ್ಪತ್ತು ನಿಮಿಷ ಮುಂದೆ. ಅವನು ಮುಳ್ಳಿಗೆ ಬೈದ, ಮುದುಕನಿಗೆ ಬೈದ, ಉಗುರು ಕತ್ತರಿಸಿದ, ಬೆರಳಿಗೆ ಪೌಡರು ಹಚ್ಚಿದ. ಹೊರಡಬೇಕಾದ ದಿನಕ್ಕೆ ಇನ್ನೊಂದು ವಾರ ಇರುವಾಗ ಇದ್ದಕ್ಕಿದ್ದಂತೆ ಸರಿಯಾಯಿತು. ಮರುದಿನವೂ ಸರಿ. ಮೂರನೆಯ ದಿನವೂ ರೇಡಿಯೋದ ಸಮಯಕ್ಕೂ ಅವನ ಬೆರಳಿಗೂ ಒಂದು ನಿಮಿಷದ ವ್ಯತ್ಯಾಸವಿಲ್ಲ. “ಹೇಳ್ಲಿಲ್ವಾ ನಾನು? ಬಟ್ಟೆಬರೆ ಜೋಡಿಸ್ಕೋ ಹೋಗು!” ಮಗಳು ಅಂದೇ ಚೀಲ ಹೊರತೆಗೆದಳು. ಬಟ್ಟೆ ಇಸ್ತ್ರಿ ಮಾಡುತ್ತ ಏನೋ ಗುನುಗುತ್ತಿದ್ದಳು.

ನಾಲ್ಕನೆಯ ದಿನ ಅವನಿಗೆ ಕೇಳಿಸಿತು. ಕಣ್ಣು ಕುಂದಿದವನ ಕಿವಿ ಅಲ್ಲವೇ? ಒಳಕೋಣೆಯಿಂದ ಗಡಿಯಾರ ತರಲು ಹೋದ ಮಗಳು ಅಲ್ಲಿ ತುಸು ನಿಂತಳು. ಟಿಕ್ಕೆಂದು ಮುಳ್ಳು ತಿರುಗಿಸುವ ಗುಂಡಿ ಹೊರಗೆಳೆದ ಸದ್ದು, ಕಿರ್ರ್ ಎಂದು ತಿರುಗಿದ ಸದ್ದು, ಮತ್ತೆ ಟಿಕ್ಕೆಂದು ಒಳಗೆ ಒತ್ತಿದ ಸದ್ದು. ಆಮೇಲೆ ಹೊರಗೆ ಬಂದು, “ತಗೊಳ್ಳಿ ಅಪ್ಪ, ಹೇಳಿ ನೋಡೋಣ” ಎಂದಳು. ಪ್ರತಿಸಲ ಕೊಡುವ ಮುಂಚೆ ಸರಿ ಮಾಡಿ ಕೊಡುತ್ತಿದ್ದಾಳೆ. ದಿನಕ್ಕೆರಡೇ ಸಲ ಮುಟ್ಟುವುದು. ಮೊದಲ ಮುಟ್ಟಿಗೆ ಯಾರ ಬೆರಳಾದರೂ ಸರಿಯಾಗಿಯೇ ಹೇಳುತ್ತದೆ.

ಮೊದಲು ಬಂದದ್ದು ಅವಮಾನ. ಆಮೇಲೆ ನಿಧಾನಕ್ಕೆ ತಿಳಿಯಿತು: ಇವಳಿಗೆ ಹೋಗಬೇಕಾಗಿದೆ. ಕದ್ದು ಮುಳ್ಳು ತಿರುಗಿಸುವಷ್ಟು, ಅಪ್ಪನನ್ನು ಅವನ ಸುಳ್ಳಿನೊಳಗೇ ಗೆಲ್ಲಿಸಿ ಹೊರಟುಬಿಡುವಷ್ಟು ಆಸೆಯಾಗಿದೆ. ಅವನು ಬೇಡಿಕೊಂಡದ್ದೂ ಅದನ್ನೇ ಅಲ್ಲವೇ? ಸಂತೋಷಪಡಬೇಕಿತ್ತು. ಆದರೆ ಆ ರಾತ್ರಿಯಿಂದ ಅನ್ನ ಇಳಿಯಲಿಲ್ಲ. ಇವಳು ಹೋದ ಮೇಲೆ ಸ್ಟೂಲು ಯಾರು ಸರಿಸುತ್ತಾರೆ? ಒಲೆ ಯಾರು ನೋಡುತ್ತಾರೆ? ಕೊಳವೆ ಪೂರ್ತಿ ಮುಚ್ಚಿದ ದಿನ, ಮುಚ್ಚಿತು ಎಂದು ಯಾರಿಗೆ ಹೇಳುವುದು? ಆದರೂ ಹಲ್ಲು ಕಚ್ಚಿಕೊಂಡು ದಿನವೂ ಸರಿಯಾದ ಸಮಯ ಹೇಳುತ್ತಲೇ ಬಂದ.

ಹೊರಡುವ ಬೆಳಿಗ್ಗೆ ಬಂತು. ಎಂಟು ನಲವತ್ತಕ್ಕೆ ಬಸ್ಸು, ಅವನ ನಿಲ್ದಾಣದಿಂದಲೇ. ಬಾಗಿಲ ಬಳಿ ಚೀಲ. ಮಗಳು ಹೊಸ ಚಪ್ಪಲಿ ಹಾಕಿಕೊಂಡಿದ್ದಳು; ಅದರ ಸದ್ದೇ ಬೇರೆ ಇತ್ತು. “ಕೊನೇ ಪರೀಕ್ಷೆ ಅಪ್ಪ” ಎಂದು ನಗುತ್ತ ಗಡಿಯಾರವನ್ನು ಅವನ ಅಂಗೈಗಿಟ್ಟಳು. ಲೋಹಕ್ಕೆ ಇನ್ನೂ ಅವಳ ಕೈಯ ಬಿಸಿಯಿತ್ತು.

ಅವನು ಕಣ್ಣು ಮುಚ್ಚಿ ಹೆಬ್ಬೆರಳಿಟ್ಟ. ಗಿಡ್ಡ ಮುಳ್ಳು ಏಳನ್ನು ದಾಟಿತ್ತು. ಉದ್ದದ್ದು ಎರಡರ ಮೇಲೆ. ಏಳು ಹತ್ತು. ಅನುಮಾನವೇ ಇಲ್ಲ. ಏಳು ಹತ್ತು ಎಂದರೆ ಮುಗಿಯಿತು, ಎರಡು ಪದ. ಹೇಳಬೇಕೆಂದೇ ಬಾಯಿ ತೆರೆದ. ಎದುರಿನಲ್ಲಿ ಅವಳು ಉಸಿರು ಹಿಡಿದು ನಿಂತದ್ದು ಕೇಳಿಸುತ್ತಿತ್ತು. ಅವಳ ಹಿಂದೆ ಇಡೀ ಮನೆ ಖಾಲಿಯಾಗಿ ಬಿದ್ದಿರುವುದು ಮುಚ್ಚಿದ ಕಣ್ಣಿಗೂ ಕಂಡಿತು. ಅವನಿಗೆ ಭಯವಾಯಿತು. ಚಿಕ್ಕ ಮಗುವಿಗೆ ಆಗುವಂಥ ಭಯ.

“ಏಳೂ ಮುಕ್ಕಾಲು” ಎಂದ.

ಅವನ ಅಂಗೈಯಲ್ಲಿದ್ದ ಗಡಿಯಾರವನ್ನು ಮಗಳು ನೋಡಿದಳು, ಆಮೇಲೆ ಅವನ ಮುಖವನ್ನು ನೋಡಿದಳು. ಮುಳ್ಳನ್ನು ತಾನೇ ಇಟ್ಟವಳು. ಒಂದು ವಾರ ಸರಿಯಾಗಿ ಹೇಳಿದ ಬೆರಳು ಇಂದು ಮೂವತ್ತೈದು ನಿಮಿಷ ತಪ್ಪುವುದಿಲ್ಲ ಎಂದು ಅವಳಿಗೆ ಗೊತ್ತು. ಅವಳಿಗೆ ಗೊತ್ತೆಂದು ಅವನಿಗೂ ಗೊತ್ತು. ಈಗಲಾದರೂ ಹೇಳಬಹುದಿತ್ತು. ತಪ್ಪಾಯಿತು ಮಗಳೇ, ಹೋಗು, ಎನ್ನಬಹುದಿತ್ತು.

“ಪರವಾಗಿಲ್ಲ ಬಿಡಿ ಅಪ್ಪ” ಎಂದಳು ಅವಳು ಕೊನೆಗೆ. ಚೀಲವನ್ನು ಒಳಗೆ ತೆಗೆದುಕೊಂಡು ಹೋದಳು. ಹಳೆಯ ಚಪ್ಪಲಿ ಹಾಕಿಕೊಂಡು ಬಂದು, “ನಡೀರಿ, ನಿಮಗೆ ಡ್ಯೂಟಿಗೆ ಹೊತ್ತಾಯ್ತು” ಎಂದು ಅವನ ಮೊಣಕೈ ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ.

ಎಂಟು ನಲವತ್ತರ ಬಸ್ಸು ಸರಿಯಾದ ಸಮಯಕ್ಕೆ ಹೊರಟಿತು. ಹೊರಟಿತೆಂದು ಮೈಕ್‌ನಲ್ಲಿ ಕೂಗಿದವನೂ ಅವನೇ.